ಮುಳ್ಳು ಹೇಳಿದ್ದನ್ನು ನಂಬುವುದು: ಹಳೆಯ ವಾಹನದ ಇಂಧನ ಮಾಪಕ ಮತ್ತು ಪ್ರಾಮಾಣ್ಯದ ಪ್ರಶ್ನೆ

ಹಳೆಯ ಕಾರಿನ ಇಂಧನ ಮಾಪಕಕ್ಕೂ ಪೆಟ್ರೋಲಿಗೂ ನೇರ ಸಂಪರ್ಕವಿಲ್ಲ. ಟ್ಯಾಂಕಿನೊಳಗೆ ಒಂದು ಕಂಬಿಯ ತುದಿಯಲ್ಲಿ ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಇಳಿದರೆ ಫ್ಲೋಟ್ ಇಳಿಯುತ್ತದೆ. ಅದರೊಡನೆ ಕಂಬಿ ವಾಲಿ, ಅದರ ಬುಡದಲ್ಲಿರುವ ಲೋಹದ ನಾಲಿಗೆ ರೋಧಕ ತಂತಿಯ ಸಣ್ಣ ಸುರುಳಿಯ ಮೇಲೆ ಜರುಗುತ್ತದೆ. ರೋಧ ಬದಲಾದಂತೆ ವೈರಿನಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತದೆ, ಆ ವಿದ್ಯುತ್ತು ಡ್ಯಾಶ್‌ಬೋರ್ಡಿನ ಮುಳ್ಳನ್ನು ತಿರುಗಿಸುತ್ತದೆ. ಚಾಲಕನ ಕಣ್ಣಿಗೆ ಬೀಳುವುದು ಈ ಸರಪಳಿಯ ಕೊನೆಯ ಕೊಂಡಿ ಮಾತ್ರ. ಅವನು ತೀರ್ಮಾನ ಮಾಡುವುದು ಮೊದಲ ಕೊಂಡಿಯ ಬಗ್ಗೆ.

ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ಬಗೆಯನ್ನು ಭಾರತೀಯ ತರ್ಕಶಾಸ್ತ್ರ ಅನುಮಾನವೆಂಬ ಪ್ರಮಾಣದಲ್ಲಿ, ಅಂದರೆ ಜ್ಞಾನಸಾಧನದಲ್ಲಿ, ಸೇರಿಸುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಅರಿಯುವ ಉದಾಹರಣೆ ಶತಮಾನಗಳಿಂದ ಆ ಶಾಸ್ತ್ರದ ಪಾಠದಲ್ಲಿ ನಡೆದುಬಂದಿದೆ. ಮುಳ್ಳು ನಡುವೆ ನಿಂತಿರುವುದನ್ನು ಕಂಡು ಅರ್ಧ ಟ್ಯಾಂಕ್ ಪೆಟ್ರೋಲ್ ಇದೆಯೆಂದು ತಿಳಿಯುವುದೂ ಅದೇ ಜಾತಿಯ ಜ್ಞಾನ. ಬೆಂಗಳೂರಿನ ಪೀಣ್ಯದ ಗ್ಯಾರೇಜುಗಳಿಗೆ ಬರುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800ಗಳಲ್ಲಿ ಈ ಮುಳ್ಳು ಕೆಟ್ಟಾಗ, ಆ ಶಾಸ್ತ್ರದ ಅತ್ಯಂತ ಕಠಿಣ ಪ್ರಶ್ನೆಯೊಂದು ಕೈಯಲ್ಲಿ ಹಿಡಿದು ನೋಡಬಹುದಾದ ರೂಪದಲ್ಲಿ ಎದುರಿಗೆ ಬರುತ್ತದೆ: ಒಂದು ತಿಳಿವು ನಿಜವೆಂಬುದು ಯಾವುದರಿಂದ ಗೊತ್ತಾಗುತ್ತದೆ?

ಎಲ್ಲ ವಾಹನಗಳೂ ಈ ಅನುಮಾನದ ಮೇಲೆ ನಿಂತಿರಲಿಲ್ಲ. ಬಜಾಜ್ ಚೇತಕ್, ಯೆಜ್ಡಿ, ರಾಜದೂತ್‌ಗಳ ಕಾಲದಲ್ಲಿ ಪೆಟ್ರೋಲ್ ಕಾಕ್‌ನ ರಿಸರ್ವ್ ವ್ಯವಸ್ಥೆಯೇ ಮಾಪಕದ ಕೆಲಸ ಮಾಡುತ್ತಿತ್ತು. ಕಾಕ್‌ಗೆ ಎರಡು ಎತ್ತರದಲ್ಲಿ ಬಾಯಿಗಳಿರುತ್ತವೆ. ಮೇಲಿನ ಬಾಯಿಗೆ ಪೆಟ್ರೋಲ್ ಎಟುಕದಾದಾಗ ಎಂಜಿನ್ ತಾನೇ ಕುಗ್ಗಿ ಮುಗ್ಗರಿಸುತ್ತದೆ. ಸವಾರ ಬಗ್ಗಿ ಕಾಕ್ ತಿರುಗಿಸಿದರೆ ಕೆಳಗಿನ ಬಾಯಿಯಿಂದ ಇನ್ನಷ್ಟು ದೂರ ಹೋಗಬಹುದು. ಅಲ್ಲಿ ಸೂಚನೆ ಮತ್ತು ಸಂಗತಿ ಎರಡೂ ಒಂದೇ. ಸ್ಕೂಟರನ್ನು ಅಲುಗಾಡಿಸಿ ಟ್ಯಾಂಕಿನೊಳಗಿನ ಸದ್ದು ಕೇಳುವವರೂ ಇದ್ದರು. ಹಳೆಯ ಜೀಪಿನ ಟ್ಯಾಂಕ್ ಚಾಲಕನ ಸೀಟಿನ ಕೆಳಗೇ ಇದ್ದುದರಿಂದ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡುವುದು ಸುಲಭವಿತ್ತು. ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕಿಗೆ ಇಂದಿಗೂ ಅಳತೆಗೋಲು ಇಳಿಸುತ್ತಾರೆ. ಕಾರಿನಲ್ಲಿ ಟ್ಯಾಂಕ್ ಹಿಂಬದಿಗೆ ಹೋಗಿ, ಪೆಟ್ರೋಲ್ ಹಾಕುವ ಕೊಳವೆ ಬಾಗಿದ ಮೇಲೆ ಕಡ್ಡಿಯ ದಾರಿ ಮುಚ್ಚಿತು. ಮುಳ್ಳನ್ನು ನಂಬದೆ ಗತ್ಯಂತರವಿಲ್ಲದಂತಾಯಿತು.

ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ, ಅಂದರೆ ಕಾಣುವ ಗುರುತಾದ ಹೇತುವಿಗೂ ಅದರಿಂದ ತಿಳಿಯಬೇಕಾದ ಸಾಧ್ಯಕ್ಕೂ ಇರುವ ತಪ್ಪದ ಸಂಬಂಧದ ಮೇಲೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಹಸಿ ಸೌದೆ ಇದ್ದರೆ ಮಾತ್ರ ಇರುತ್ತದೆ. ಈ ಹಸಿ ಸೌದೆಯಂತಹ ಅಡಗಿದ ಷರತ್ತನ್ನು ನ್ಯಾಯದರ್ಶನದವರಾದ ನೈಯಾಯಿಕರು ಉಪಾಧಿ ಎಂದು ಕರೆದರು. ಉಪಾಧಿ ಹೊರಬಿದ್ದೊಡನೆ ಅನುಮಾನ ಸಡಿಲವಾಗುತ್ತದೆ. ಮುಳ್ಳಿನಿಂದ ಪೆಟ್ರೋಲಿಗೆ ಹೋಗುವ ಅನುಮಾನದಲ್ಲಿ ಇಂತಹ ಷರತ್ತುಗಳು ಹಲವು: ಫ್ಲೋಟ್ ತೂತಾಗಿರಬಾರದು, ಕಂಬಿ ಬಾಗಿರಬಾರದು, ವೈರ್ ತುಂಡಾಗಿರಬಾರದು, ಟ್ಯಾಂಕಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ಅರ್ತ್ (ವಿದ್ಯುತ್ತು ಹಿಂದಿರುಗುವ ಸಂಪರ್ಕ) ಸರಿಯಿರಬೇಕು, ಮಾಪಕಕ್ಕೆ ಬರುವ ವೋಲ್ಟೇಜ್ ಏರುಪೇರಾಗಬಾರದು. ಗಾಡಿ ಹೊಸದಾಗಿರುವಾಗ ಇವೆಲ್ಲ ನೆರವೇರುತ್ತಿದ್ದುದರಿಂದ ಯಾವುದೂ ಮನಸ್ಸಿಗೆ ಬಂದಿರುವುದಿಲ್ಲ. ಗಾಡಿ ಹಳೆಯದಾಗುವುದೆಂದರೆ ಈ ಷರತ್ತುಗಳು ಒಂದೊಂದಾಗಿ ಬೆಳಕಿಗೆ ಬರುವುದು.

ಹಾಗಾದರೆ ಮುಳ್ಳನ್ನು ಮೊದಲೇ ಏಕೆ ನಂಬಬೇಕು? ಇದಕ್ಕೆ ಎರಡು ದೊಡ್ಡ ಉತ್ತರಗಳಿವೆ. ನ್ಯಾಯದರ್ಶನದ ಪ್ರಕಾರ ಜ್ಞಾನ ಹುಟ್ಟುವಾಗ ಅದು ನಿಜವೋ ಸುಳ್ಳೋ ಎಂಬುದು ಅದರಲ್ಲೇ ಗೊತ್ತಾಗುವುದಿಲ್ಲ, ಹೊರಗಿನಿಂದ ಗೊತ್ತಾಗಬೇಕು. ಇದು ಪರತಃಪ್ರಾಮಾಣ್ಯ, ಅಂದರೆ ಜ್ಞಾನದ ಪ್ರಾಮಾಣ್ಯ ಅಥವಾ ನಿಜತನ ಹೊರಗಿನಿಂದ ಗೊತ್ತಾಗುತ್ತದೆಂಬ ವಾದ. ತಿಳಿದಂತೆ ನಡೆದುಕೊಂಡಾಗ ಫಲ ಸಿಕ್ಕಿದರೆ ಆ ತಿಳಿವು ನಿಜ. ವಾತ್ಸ್ಯಾಯನನ ನ್ಯಾಯಭಾಷ್ಯ ಆರಂಭವಾಗುವುದೇ ಈ ಸಫಲ ಪ್ರವೃತ್ತಿಯ ಮಾತಿನಿಂದ. ಮೀಮಾಂಸೆ ಎಂಬ ಇನ್ನೊಂದು ದರ್ಶನದ ಮೀಮಾಂಸಕರು, ಅದರಲ್ಲೂ ಕುಮಾರಿಲ ಭಟ್ಟ, ಇದಕ್ಕೆ ಎದುರಾದ ನಿಲುವು ತಳೆದರು. ಜ್ಞಾನ ತಾನಾಗಿಯೇ ಪ್ರಮಾಣ; ಹೊರಗಿನಿಂದ ಬರಬೇಕಾದ್ದು ಅದು ಸುಳ್ಳೆಂಬ ಸಾಕ್ಷ್ಯ. ಇದು ಸ್ವತಃಪ್ರಾಮಾಣ್ಯ. ವೇದಾಂತಿಗಳೂ ಒಟ್ಟಿನಲ್ಲಿ ಈ ಕಡೆಗೇ ನಿಂತರು.

ಕನ್ನಡನಾಡಿನಲ್ಲಿ ಈ ಚರ್ಚೆ ದೂರದ ಮಾತಾಗಿರಲಿಲ್ಲ. ಮೈಸೂರಿನ ಬಳಿಯ ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿದರು.  ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ಕಾಲವಾದ ಈ ಯತಿ ಬರೆದ ತರ್ಕತಾಂಡವ ನೈಯಾಯಿಕರ ಮತವನ್ನು ಅವರದೇ ಪರಿಭಾಷೆಯಲ್ಲಿ ಎದುರಿಸುವ ಗ್ರಂಥ. ಅದು ಮೊದಲಿಗೆ ಎತ್ತಿಕೊಳ್ಳುವುದು ಪ್ರಾಮಾಣ್ಯದ ಪ್ರಶ್ನೆಯನ್ನೇ. ವ್ಯಾಸತೀರ್ಥರ ದ್ವೈತ ಮತದಲ್ಲಿ ಜ್ಞಾನವನ್ನೂ ಅದರ ನಿಜತನವನ್ನೂ ಹಿಡಿಯುವುದು ಆತ್ಮಸ್ವರೂಪವಾದ ಸಾಕ್ಷಿ. ಸಂಶಯ ಬಂದಾಗ ಪರೀಕ್ಷೆ ಬೇಕೇ ಬೇಕು, ಆದರೆ ಅದರ ಕೆಲಸ ಸಂಶಯದ ಅಡ್ಡಿಯನ್ನು ತೆಗೆಯುವುದಷ್ಟೆ. ಜ್ಞಾನಕ್ಕೆ ನಿಜತನವನ್ನು ಪರೀಕ್ಷೆ ತಂದು ಅಂಟಿಸುವುದಿಲ್ಲ. ಕೆಟ್ಟ ಮಾಪಕವನ್ನು ರಿಪೇರಿ ಮಾಡುವವರ ನಡವಳಿಕೆಗೆ ಈ ಭೇದ ಚೆನ್ನಾಗಿ ಹೊಂದುತ್ತದೆ. ಸಂಶಯಕ್ಕೆ ಕಾರಣವಿಲ್ಲದೆ ಯಾರೂ ಟ್ಯಾಂಕ್ ಬಿಚ್ಚುವುದಿಲ್ಲ. ಕಾರಣ ಕಂಡ ಮೇಲೆ ಬಿಚ್ಚದೆ ಇರುವುದು ತಪ್ಪು.

ಜ್ಞಾನ ಸುಳ್ಳೆಂದು ಗೊತ್ತಾಗಲು ಮೀಮಾಂಸಕರು ಎರಡು ದಾರಿ ಹೇಳಿದರು. ಒಂದು ಬಾಧಕಜ್ಞಾನ: ಮೊದಲಿನದನ್ನು ಅಳಿಸಿಹಾಕುವ ಇನ್ನೊಂದು ಜ್ಞಾನ. ಇನ್ನೊಂದು ಕಾರಣದೋಷದ ಅರಿವು: ಜ್ಞಾನ ಹುಟ್ಟಿಸಿದ ಸಾಧನದಲ್ಲೇ ಐಬು ಕಾಣುವುದು. ಇಂಧನ ಮಾಪಕದ ವಿಷಯದಲ್ಲಿ ಇವೆರಡರ ನಡುವೆ ಇರುವ ಅಂತರ ಬಹಳ ದೊಡ್ಡದು. ಉದಾಹರಣೆಗೆ, 2010ರಲ್ಲಿ ಸಂಚಾರಕ್ಕೆ ತೆರೆದ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರಿಸಿದ ರಸ್ತೆ ಸುಮಾರು 10 ಕಿ.ಮೀ. ಉದ್ದವಿದೆ, ಅದರ ಮೇಲೆ ಬಂಕ್ ಇಲ್ಲ, ಮನಸ್ಸು ಬಂದಲ್ಲಿ ಇಳಿಯುವಂತೆಯೂ ಇಲ್ಲ. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಗಾಡಿ ಅಲ್ಲಿ ನಿಂತರೆ ಬಾಧಕಜ್ಞಾನ ಸಿಕ್ಕಿತು, ಆದರೆ ಹಿಂದಿನಿಂದ ಬರುವ ಬಸ್ಸು ಲಾರಿಗಳ ನಡುವೆ ಸಿಕ್ಕಿತು. ಸಫಲ ಪ್ರವೃತ್ತಿಯೇ ಪರೀಕ್ಷೆ ಎಂಬ ನೈಯಾಯಿಕರ ಮಾತಿಗಿರುವ ತೊಡಕು ಇದೇ: ನಿಜ ಗೊತ್ತಾಗಬೇಕಾದರೆ ಮೊದಲು ಹೊರಡಬೇಕು, ಹೊರಡಬೇಕಾದರೆ ಮೊದಲು ನಿಜ ಗೊತ್ತಿರಬೇಕು. ಅವರೂ ಈ ತೊಡಕನ್ನು ಕಂಡಿದ್ದರು. ಸಂಶಯವಿದ್ದರೂ ಮನುಷ್ಯ ಹೊರಡುತ್ತಾನೆ ಎಂದರು. ಪರಿಚಿತ ವಿಷಯಗಳಲ್ಲಿ ಹಿಂದೆ ಫಲ ಕೊಟ್ಟ ಜ್ಞಾನದ ಜಾತಿಗೇ ಸೇರಿದ್ದು ಎಂಬ ಆಧಾರದ ಮೇಲೆ ಹೊಸ ಜ್ಞಾನವನ್ನೂ ನಂಬಬಹುದು ಎಂದರು. ಹತ್ತು ವರ್ಷ ಸರಿಯಾಗಿ ತೋರಿಸಿದ ಮುಳ್ಳನ್ನು ಹನ್ನೊಂದನೆಯ ವರ್ಷ ನಂಬುವುದು ಇದೇ ಆಧಾರದ ಮೇಲೆ. ಹಳೆಯ ವಾಹನದಲ್ಲಿ ಕೈಕೊಡುವುದೂ ಇದೇ ಆಧಾರ, ಏಕೆಂದರೆ ತುಕ್ಕು ಹಿಡಿಯುತ್ತಿರುವ ಯಂತ್ರ ನಿನ್ನೆ ಇದ್ದ ಜಾತಿಯಲ್ಲೇ ಇಂದೂ ಇರುವುದೆಂದು ಹೇಳಲಾಗದು.

ಆದ್ದರಿಂದ ಮೆಕ್ಯಾನಿಕ್ ಎರಡನೆಯ ದಾರಿ ಹಿಡಿಯುತ್ತಾನೆ. ಕಾರಣದೋಷವನ್ನು ಹುಡುಕುತ್ತಾನೆ.

1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಪ್ರೆಸ್, ಪ್ಲೇಟಿಂಗ್ ಶೆಡ್ಡುಗಳ ನಡುವೆ ಸಣ್ಣ ಗ್ಯಾರೇಜುಗಳಿಗೂ ಜಾಗ ಸಿಕ್ಕಿದೆ. ಹಳೆಯ ಗಾಡಿಯ ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಹೋಗಬೇಕು; ಅಲ್ಲಿಯೂ ಸಿಗದಿದ್ದರೆ ಪಕ್ಕದ ಶೆಡ್ಡಿನಲ್ಲಿ ಮಾಡಿಸಿಕೊಳ್ಳಬಹುದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ಗೆ ಇದು ದೊಡ್ಡ ಅನುಕೂಲ. ಈ ಗ್ಯಾರೇಜುಗಳಲ್ಲಿ ನಡೆಯುವ ಪರೀಕ್ಷೆಗೆ ಒಂದು ಕ್ರಮವಿದೆ, ಆ ಕ್ರಮಕ್ಕೆ ಅರ್ಥವಿದೆ.

ಮೊದಲು ಕೀಲಿ ತಿರುಗಿಸಿ ಮುಳ್ಳು ಅಲುಗುತ್ತದೆಯೇ ಎಂದು ನೋಡುತ್ತಾರೆ, ಜೊತೆಗೆ ಪಕ್ಕದ ಟೆಂಪರೇಚರ್ ಮೀಟರನ್ನೂ. ಎರಡೂ ಸತ್ತಿದ್ದರೆ ಫ್ಯೂಸ್ ಹೋಗಿರಬಹುದು, ಎರಡಕ್ಕೂ ಬರುವ ಕರೆಂಟ್ ನಿಂತಿರಬಹುದು. ಪೆಟ್ರೋಲ್ ಮುಳ್ಳು ಮಾತ್ರ ಕೆಟ್ಟಿದ್ದರೆ ಮೀಟರು, ವೈರು, ಟ್ಯಾಂಕ್ ಯೂನಿಟ್ (ಫ್ಲೋಟ್, ಕಂಬಿ, ರೋಧಕ ಸುರುಳಿ ಸೇರಿದ ಭಾಗ), ಅರ್ತ್ ಈ ನಾಲ್ಕರಲ್ಲಿ ಒಂದು. ಮುಂದಿನ ಹೆಜ್ಜೆ ಸರಪಳಿಯನ್ನು ನಡುವೆ ತುಂಡರಿಸುವುದು. ಟ್ಯಾಂಕ್ ಯೂನಿಟ್ಟಿಗೆ ಬರುವ ವೈರನ್ನು ಕಳಚುತ್ತಾರೆ. ಖಾಲಿಯಿದ್ದಾಗ ರೋಧ ಹೆಚ್ಚು, ತುಂಬಿದಾಗ ಕಡಿಮೆ ಇರುವ ಬಗೆಯ ಮಾಪಕದಲ್ಲಿ ವೈರ್ ಕಳಚಿದರೆ ಮುಳ್ಳು ಖಾಲಿಗೆ ಬೀಳಬೇಕು. ಆ ವೈರನ್ನು ಚಾಸಿಗೆ ಮುಟ್ಟಿಸಿದರೆ ಪೂರ್ತಿ ತುಂಬಿದಂತೆ ಏಳಬೇಕು. ಹಳೆಯ ಅಮೆರಿಕನ್ ಗಾಡಿಗಳಲ್ಲಿ ಕೆಲವಕ್ಕೆ ಇದು ತಿರುವುಮುರುವು. ಬಿಸಿಯಾಗಿ ಬಾಗುವ ಲೋಹದ ಪಟ್ಟಿಯ ಮೇಲೆ ನಡೆಯುವ ಬ್ರಿಟಿಷ್ ಮಾದರಿಯ ಮೀಟರುಗಳಲ್ಲಿ ವೈರನ್ನು ನೇರವಾಗಿ ಅರ್ತ್‌ಗೆ ಹಿಡಿದರೆ ಸುರುಳಿ ಸುಟ್ಟುಹೋಗಬಹುದು. ತಿಳಿದವರು ನಡುವೆ ಒಂದು ಸಣ್ಣ ರೋಧಕವನ್ನು ಸೇರಿಸುತ್ತಾರೆ. ಇಷ್ಟೆಲ್ಲ ಮಾಡುವಾಗ ಕಿಡಿ ಹಾರದಂತೆ, ಟ್ಯಾಂಕಿನ ಬಾಯಿ ತೆರೆದಿರದಂತೆ ನೋಡಿಕೊಳ್ಳಬೇಕು. ಟ್ಯಾಂಕ್ ಯೂನಿಟ್ ಬಿಚ್ಚುವ ಮೊದಲು ಬ್ಯಾಟರಿಯ ಕನೆಕ್ಷನ್ ತೆಗೆಯಲೇಬೇಕು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಅದರೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತಿರುತ್ತವೆ.

ಮೇಲೆ ಹೇಳಿದಂತೆ ಮುಳ್ಳು ಎದ್ದು ಬಿದ್ದರೆ ಮೀಟರೂ ವೈರೂ ನಿರ್ದೋಷಿ. ಒಂದೇ ಪರೀಕ್ಷೆ ಸರಪಳಿಯ ಅರ್ಧವನ್ನು ಸಂಶಯದಿಂದ ಬಿಡಿಸಿತು. ಉಳಿದದ್ದು ಟ್ಯಾಂಕಿನ ಕಡೆಯ ಅರ್ಧ. ಆಗಲೂ ಯೂನಿಟ್ಟನ್ನು ತಕ್ಷಣ ಬಿಚ್ಚುವುದಿಲ್ಲ. ಅದರ ಮೈಯಿಂದ ಚಾಸಿಗೆ ಒಂದು ಬೇರೆ ವೈರ್ ಹಿಡಿದು ನೋಡುತ್ತಾರೆ. ಮುಳ್ಳು ಥಟ್ಟನೆ ಸರಿಯಾದ ಜಾಗಕ್ಕೆ ಬಂದರೆ ದೋಷ ಅರ್ತ್‌ನದು: ಟ್ಯಾಂಕ್ ಕೂರುವ ಪಟ್ಟಿಯ ಕೆಳಗೆ ವರ್ಷಗಟ್ಟಲೆ ಮಳೆನೀರು, ಕೆಸರು ಸೇರಿ ಹುಟ್ಟಿದ ತುಕ್ಕು. ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ ದೋಷ, ಮಾಲೀಕನ ಮನಸ್ಸಿಗೆ ಕೊನೆಗೆ ಹೊಳೆಯುವ ದೋಷವೂ ಹೌದು. ಮುಳ್ಳು ಸುಳ್ಳು ಹೇಳಿದರೆ ಮೀಟರನ್ನು ದೂರುವುದು ಎಲ್ಲರ ಮೊದಲ ಪ್ರವೃತ್ತಿ. ಸುಳ್ಳು ಕಾಣಿಸಿಕೊಂಡ ಜಾಗದಲ್ಲೇ ಹುಟ್ಟಿಯೂ ಇರಬೇಕೆಂದು ಭಾವಿಸುವುದು ಗ್ಯಾರೇಜಿನ ಹೊರಗೂ ಬಹಳ ಅನ್ಯಾಯಕ್ಕೆ ಕಾರಣವಾಗಿದೆ.

ಅರ್ತ್ ಸರಿಯಿದ್ದರೆ ಯೂನಿಟ್ ಹೊರಗೆ ಬರುತ್ತದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ: ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಬೆಸುಗೆ ಬಿಟ್ಟಿದೆ, ಫ್ಲೋಟ್ ಅರ್ಧ ಮುಳುಗಿ ತೇಲುತ್ತಿತ್ತು. ಆಮೇಲೆ ಮಲ್ಟಿಮೀಟರ್ ಹಚ್ಚಿ ಕಂಬಿಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತುತ್ತಾರೆ. ಓಮ್‌ನ ಅಂಕಿ ಸಮನಾಗಿ ಇಳಿಯುತ್ತಾ ಹೋಗಬೇಕು. ನಡುವೆ ಎಲ್ಲೋ ಅಂಕಿ ಜಿಗಿದರೆ ಅಲ್ಲಿ ಸುರುಳಿಯ ತಂತಿ ಸವೆದಿದೆ. ಆ ಜಾಗ ಬರಿಗಣ್ಣಿಗೂ ಕಾಣುತ್ತದೆ: ಲೋಹದ ನಾಲಿಗೆ ಓಡಾಡಿ ಮಾಡಿದ ಹೊಳೆಯುವ ಗೆರೆ, ಅದರ ನಡುವೆ ಕಪ್ಪು ಚುಕ್ಕೆ. ಟ್ಯಾಂಕನ್ನು ಯಾವಾಗಲೂ ಕಾಲು ಭಾಗದ ಆಸುಪಾಸಿನಲ್ಲೇ ಇಟ್ಟು ಓಡಿಸುವ ಗಾಡಿಯಲ್ಲಿ ಸವೆತವೂ ಅಲ್ಲೇ. ಚಾಲಕ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆಗೇ ಉತ್ತರ ಹಾಳಾಗಿರುತ್ತದೆ.

ಈ ಶೋಧದಲ್ಲಿ ಒಂದು ಪ್ರಕರಣ ವಿಶೇಷ ಗಮನಕ್ಕೆ ಅರ್ಹ. ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಸೇರಿ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಬ್ಯಾಟರಿಯ ಏರಿಳಿತವನ್ನು ಸವರಿ ಸರಾಸರಿ 10 ವೋಲ್ಟ್ ಕೊಡುವುದು ಅದರ ಕೆಲಸ. ಅದು ಅಂಟಿಕೊಂಡು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ಬಿಟ್ಟುಬಿಟ್ಟರೆ ಎರಡು ಮುಳ್ಳುಗಳೂ ಇರಬೇಕಾದ್ದಕ್ಕಿಂತ ಮೇಲೆ ಏಳುತ್ತವೆ. ಟ್ಯಾಂಕ್ ತುಂಬಿದಂತೆ, ಎಂಜಿನ್ ಕಾದಂತೆ ತೋರುತ್ತದೆ. ಎರಡು ಮೀಟರುಗಳು ಒಟ್ಟಿಗೆ ಕೆಡುವುದು ಅಪರೂಪ, ಆದ್ದರಿಂದ ಎಂಜಿನ್ ನಿಜವಾಗಿಯೂ ಕಾದಿದೆ ಎಂದು ತರ್ಕಿಸಿ ರೇಡಿಯೇಟರ್ ಬಿಚ್ಚಿಸುವವರಿದ್ದಾರೆ. ಒಂದು ಜ್ಞಾನಕ್ಕೆ ಇನ್ನೊಂದು ಜ್ಞಾನ ಹೊಂದಿಬರುವುದನ್ನು ಶಾಸ್ತ್ರದಲ್ಲಿ ಸಂವಾದ ಎನ್ನುತ್ತಾರೆ; ಪ್ರಾಮಾಣ್ಯಕ್ಕೆ ಅದನ್ನೇ ಆಧಾರವಾಗಿ ಹಿಡಿದವರುಂಟು. ಸ್ಟೆಬಿಲೈಸರ್ ತೋರಿಸುವ ಸತ್ಯವೆಂದರೆ ಸಂವಾದಕ್ಕೆ ಬೆಲೆ ಬರುವುದು ಎರಡೂ ಜ್ಞಾನಗಳ ಮೂಲ ಬೇರೆ ಬೇರೆಯಾಗಿದ್ದಾಗ ಮಾತ್ರ. ಒಂದೇ ಕಡೆಯಿಂದ ಹೊರಟ ಸುದ್ದಿಯನ್ನು ಹತ್ತು ಜನ ಹೇಳಿದರೂ ಅದು ಒಬ್ಬನ ಮಾತೇ. ಮಾಹಿತಿ ತಂತ್ರಜ್ಞಾನದ ಊರಾದ ವೈಟ್‌ಫೀಲ್ಡಿನಲ್ಲಿ ಒಂದೇ ದತ್ತಾಂಶದಿಂದ ಹೊಮ್ಮಿದ ಹಲವು ಪರದೆಗಳು ಪರಸ್ಪರ ಒಪ್ಪುವುದನ್ನು ಕಂಡು ನಿಶ್ಚಿಂತರಾಗುವವರಿಗೂ ಈ ಎಚ್ಚರ ಬೇಕು.

ಪರೀಕ್ಷೆ ಎಲ್ಲಿಗೆ ನಿಲ್ಲಬೇಕು ಎಂಬುದು ಮುಂದಿನ ಪ್ರಶ್ನೆ. ಮುಳ್ಳನ್ನು ಮಲ್ಟಿಮೀಟರ್ ಪರೀಕ್ಷಿಸಿತು. ಮಲ್ಟಿಮೀಟರನ್ನು ಪರೀಕ್ಷಿಸಿದ್ದು ಯಾವುದು? ಪರತಃಪ್ರಾಮಾಣ್ಯದ ಮೇಲೆ ಮೀಮಾಂಸಕರು ಹೊರಿಸಿದ ಮುಖ್ಯ ಆಪಾದನೆ ಇದೇ, ಅನವಸ್ಥೆ: ಒಂದನ್ನು ಇನ್ನೊಂದು ದೃಢಪಡಿಸಬೇಕು, ಅದನ್ನು ಮತ್ತೊಂದು, ಹೀಗೆ ಕೊನೆಯಿಲ್ಲ. ಪೆಟ್ರೋಲ್ ಬಂಕಿನಲ್ಲಿ ಹುಡುಗ ‘ಸೊನ್ನೆ ನೋಡಿ ಸಾರ್’ ಎಂದು ಕೂಗಿ ಪಂಪ್ ಒತ್ತುವಾಗ ಗ್ರಾಹಕ ನಂಬುವುದು ಇನ್ನೊಂದು ಮಾಪಕವನ್ನು. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಸೀಲ್ ಇರುತ್ತದೆ. ಸಂಶಯವಿದ್ದವರು 5 ಲೀಟರ್ ಅಳತೆಯ ಪಾತ್ರೆಗೆ ಹಿಡಿದು ತೋರಿಸಲು ಕೇಳಬಹುದು, ಅದು ಗ್ರಾಹಕನ ಹಕ್ಕು. 5 ಲೀಟರಿಗೆ 25 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಬರಕೂಡದು. ಆ ಪಾತ್ರೆಯನ್ನು ಇಲಾಖೆಯ ಮಾನಕಕ್ಕೆ, ಆ ಮಾನಕವನ್ನು ಬೆಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶ ಮಾನಕ ಪ್ರಯೋಗಾಲಯದಂತಹ ಕಡೆ ಇರುವ ಮಾನಕಕ್ಕೆ, ಅದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕಕ್ಕೆ ಹೋಲಿಸುತ್ತಾರೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆಯ ಮಾಪನ ವಿಭಾಗವೂ ಪೀಣ್ಯದ ಶೆಡ್ಡುಗಳ ಗೇಜುಗಳಿಗೆ ಇಂತಹ ಮೇಲಿನ ಕೊಂಡಿಯಾಗಿ ಕೆಲಸ ಮಾಡುತ್ತ ಬಂದಿದೆ. ಈ ಏಣಿಯ ತುದಿಯಲ್ಲಿ ಇನ್ನೊಂದು ವಸ್ತುವಿಲ್ಲ. 2019ರ ಮೇ 20ರಿಂದ ಕಿಲೋಗ್ರಾಂ ಕೂಡ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕದ ನಿಗದಿತ ಬೆಲೆಯ ಮೇಲೆ ನಿಂತಿದೆ. ಸರಪಳಿ ಮುಗಿಯುವುದು ಎಲ್ಲರೂ ಒಪ್ಪಿದ ಒಂದು ನಿರ್ಣಯದಲ್ಲಿ.

ಆದರೂ ಗ್ಯಾರೇಜಿನಲ್ಲಿ ಯಾರೂ ಪ್ಲಾಂಕ್ ಸ್ಥಿರಾಂಕದವರೆಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮೂರು ನಾಲ್ಕು ಜ್ಞಾನಗಳಾಚೆಗೆ ಪರೀಕ್ಷೆ ಬೆಳೆಯಬೇಕಿಲ್ಲ ಎಂದು ಕುಮಾರಿಲನೇ ಹೇಳಿದ್ದಾನೆ. ಮುಳ್ಳು ಒಂದು ಹೇಳಿತು, ಎಂಜಿನ್ ನಿಂತು ಅದನ್ನು ಅಲ್ಲಗಳೆಯಿತು, ವೈರ್ ಕಳಚಿದ ಪರೀಕ್ಷೆ ದೋಷದ ಜಾಗ ತೋರಿಸಿತು. ಅದಕ್ಕೆ ವಿರುದ್ಧವಾಗಿ ಏನೂ ಕಾಣದಿದ್ದರೆ ಅಲ್ಲಿಗೆ ಸಾಕು. ನೈಯಾಯಿಕ ಉದಯನನೂ ಬೇರೆ ದಾರಿಯಿಂದ ಇಲ್ಲಿಗೇ ಬರುತ್ತಾನೆ: ತನ್ನ ನಡವಳಿಕೆಯೇ ಸುಳ್ಳಾಗಿಸುವ ಸಂಶಯಕ್ಕೆ ಅರ್ಥವಿಲ್ಲ. ಯಾವ ಮಾಪಕವನ್ನೂ ನಂಬಲಾಗದು ಎನ್ನುವವನು ಬ್ರೇಕ್ ಹಿಡಿಯುತ್ತದೆಂದು ನಂಬಿಯೇ ಗಾಡಿ ಓಡಿಸುತ್ತಾನೆ. ದ್ವೈತಿಗಳ ಉತ್ತರ ಇನ್ನೂ ಹತ್ತಿರದ್ದು. ಪರೀಕ್ಷೆಯ ಸಾಲು ಸಾಕ್ಷಿಗೆ ನೇರವಾಗಿ ಗೋಚರವಾಗುವ ಅನುಭವದಲ್ಲಿ ನಿಲ್ಲುತ್ತದೆ. ಬಾಯಾರಿಕೆ ನೀಗಿತೋ ಇಲ್ಲವೋ ಎಂಬುದಕ್ಕೆ ಯಾರೂ ಪ್ರಮಾಣ ಕೇಳುವುದಿಲ್ಲ. ಈ ಮೂರರಲ್ಲಿ ಗ್ಯಾರೇಜಿನ ಬುದ್ಧಿಗೆ ಹೆಚ್ಚು ಒಪ್ಪುವುದು ಕುಮಾರಿಲನ ಮಿತಿ: ಸಂಶಯಕ್ಕೆ ಕಾರಣ ಬೇಕು, ಕಾರಣವಿಲ್ಲದ ಸಂಶಯ ಎಲ್ಲ ಕೆಲಸಗಳನ್ನೂ ನಿಲ್ಲಿಸುತ್ತದೆ.

ಮುಳ್ಳು ಸಿಕ್ಕಿಹಾಕಿಕೊಂಡು ಸದಾ ಅರ್ಧವನ್ನೇ ತೋರಿಸುತ್ತಿದೆ ಎನ್ನೋಣ. ಒಂದು ದಿನ ಟ್ಯಾಂಕಿನಲ್ಲಿ ನಿಜವಾಗಿಯೂ ಅರ್ಧ ಪೆಟ್ರೋಲ್ ಇದೆ. ಆ ದಿನ ಮುಳ್ಳು ನೋಡಿ ಅರ್ಧವಿದೆ ಎಂದವನಿಗೆ ತಿಳಿದಿತ್ತೇ? ಹೇಳಿದ್ದು ನಿಜ, ಆದರೆ ತಿಳಿದಿರಲಿಲ್ಲ ಎಂದೇ ಹೆಚ್ಚಿನವರಿಗೆ ಅನ್ನಿಸುತ್ತದೆ. ಹನ್ನೆರಡನೆಯ ಶತಮಾನದ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಮುಚ್ಚಿದ ಮುಷ್ಟಿಯೊಳಗಿನ ಕವಡೆ ಐದು ಎಂದು ಸುಮ್ಮನೆ ಊಹಿಸಿ ಸರಿಯಾದವನ ಉದಾಹರಣೆ ತಂದು, ಜ್ಞಾನಕ್ಕೆ ಅಂದಿನ ತಾರ್ಕಿಕರು ಕೊಟ್ಟ ಲಕ್ಷಣಗಳನ್ನು ಕೆಡವಲು ಬಳಸಿದ. 1948ರಲ್ಲಿ ಬರ್ಟ್ರಂಡ್ ರಸೆಲ್ ನಿಂತ ಗಡಿಯಾರವನ್ನು ಸರಿಯಾದ ಸಮಯಕ್ಕೇ ನೋಡಿದವನ ಬಗ್ಗೆ ಬರೆದ. ಸಿಕ್ಕಿಕೊಂಡ ಮುಳ್ಳು ಇವೆರಡರ ಕುಲಕ್ಕೇ ಸೇರಿದ್ದು. ತಿಳಿವು ಸಂಗತಿಗೆ ಹೊಂದಿದರೆ ಸಾಲದು, ಸಂಗತಿಯಿಂದಲೇ ಹುಟ್ಟಿಬರಬೇಕು. ಪೆಟ್ರೋಲ್ ಇಳಿದಿದ್ದರೆ ಮುಳ್ಳೂ ಇಳಿಯುತ್ತಿತ್ತು ಎಂದು ಹೇಳಲು ಬರಬೇಕು. ಗ್ಯಾರೇಜಿನ ಪರೀಕ್ಷೆ ನೋಡುವುದು ಇದನ್ನೇ. ಮುಳ್ಳು ಸರಿಯಾದ ಜಾಗದಲ್ಲಿದೆಯೇ ಎಂಬುದಕ್ಕಿಂತ ಅದು ಓಡಾಡುತ್ತದೆಯೇ ಎಂದು ಮೆಕ್ಯಾನಿಕ್ ಮೊದಲು ನೋಡುತ್ತಾನೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಕಂಬಿ ಸ್ವಲ್ಪ ಬಾಗಿರುವ ಗಾಡಿಯಲ್ಲಿ ಮುಳ್ಳು ಯಾವಾಗಲೂ ಕಾಲು ಭಾಗ ಹೆಚ್ಚು ತೋರಿಸುತ್ತದೆ. ಮಾಲೀಕನಿಗೆ ಅದು ಗೊತ್ತು. ಮುಳ್ಳು ಕಾಲಿಗೆ ಬರುವ ಮೊದಲೇ ಬಂಕಿಗೆ ತಿರುಗಿಸುತ್ತಾನೆ. ಈ ಸುಳ್ಳು ಮುಳ್ಳಿನಿಂದ ಅವನಿಗೆ ಸಿಗುವುದು ಸರಿಯಾದ ಜ್ಞಾನವೇ, ಏಕೆಂದರೆ ದೋಷದ ಅರಿವು ಅವನ ಅನುಮಾನದೊಳಗೇ ಸೇರಿದೆ. ಸೋದರಳಿಯನಿಗೆ ಗಾಡಿ ಕೊಟ್ಟ ದಿನ, ಇಲ್ಲವೇ ಅದನ್ನು ಮಾರಿದ ದಿನ ಆ ಅರಿವು ಗಾಡಿಯ ಜೊತೆ ಹೋಗುವುದಿಲ್ಲ. ಶಾಸ್ತ್ರ ಇನ್ನೊಂದು ಪ್ರಮಾಣವೆಂದು ಒಪ್ಪುವ ಆಪ್ತವಾಕ್ಯವೆಂದರೆ ತಿಳಿದವನು ಮರೆಮಾಚದೆ ಹೇಳಿದ ಮಾತು. ಹಳೆಯ ಗಾಡಿಯ ಮಾರಾಟದಲ್ಲಿ ಈ ಒಂದು ಮಾತನ್ನು ಹೇಳದೆ ಬಿಡುವವನು ಕೊಳ್ಳುವವನ ಕೈಯಿಂದ ಪ್ರಮಾಣವೊಂದನ್ನೇ ಕಿತ್ತುಕೊಂಡಂತೆ. ದೋಷಗಳಲ್ಲೂ ಹಾನಿಯ ತೂಕ ಬೇರೆ ಬೇರೆ. ವೈರ್ ತುಂಡಾದಾಗ ಖಾಲಿ ತೋರಿಸುವ ಮಾಪಕ ಚಾಲಕನನ್ನು ಬೇಡದಿದ್ದಾಗ ಬಂಕಿಗೆ ಕಳಿಸುತ್ತದೆ. ತುಂಬಿದೆಯೆಂದು ತೋರಿಸುವ ಮಾಪಕ ರಾತ್ರಿಯ ಹೆದ್ದಾರಿಯಲ್ಲಿ ನಿಲ್ಲಿಸುತ್ತದೆ. ಮಾಪಕವನ್ನು ವಿನ್ಯಾಸ ಮಾಡುವವರು ಮೊದಲ ಬಗೆಯ ತಪ್ಪನ್ನೇ ಆರಿಸಿಕೊಳ್ಳಬೇಕು.

ರಿಪೇರಿಯ ಕೊನೆಯ ಹಂತ ಹೊಂದಿಸುವುದು. ಯೂನಿಟ್ ಕೂರಿಸಿ, ಖಾಲಿ ಟ್ಯಾಂಕಿಗೆ 5 ಲೀಟರಿನಂತೆ ಅಳೆದು ಹಾಕುತ್ತ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಸಲ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದಿಡುತ್ತಾರೆ. ಮಾರುತಿ 800ರ 28 ಲೀಟರ್ ಟ್ಯಾಂಕಿಗೆ ಇದು ಬೇಗ ಮುಗಿಯುತ್ತದೆ. ಟ್ಯಾಂಕಿನ ಆಕಾರ ಎಲ್ಲ ಎತ್ತರದಲ್ಲೂ ಒಂದೇ ಆಗಿರುವುದಿಲ್ಲವಾದ್ದರಿಂದ ಮುಳ್ಳಿನ ಅರ್ಧ ಎಂದರೆ ಪೆಟ್ರೋಲಿನ ಅರ್ಧವೇ ಆಗಬೇಕೆಂದಿಲ್ಲ. ಬರೆದಿಟ್ಟ ಆ ಚೀಟಿಯನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಮಾಲೀಕನಿಗೂ ಉಪಯೋಗ.

ಹಳೆಯ ಗಾಡಿಗಳಿಗೆ ಈಚೆಗೆ ಇನ್ನೊಂದು ಷರತ್ತು ಸೇರಿಕೊಂಡಿದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಪ್ರಧಾನಿ ಬಿಡುಗಡೆ ಮಾಡಿದ್ದು ಪೀಣ್ಯದಿಂದ ಸ್ವಲ್ಪ ಮುಂದೆ, ತುಮಕೂರು ರಸ್ತೆಯ ಬೆಂಗಳೂರು ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಸೀಲುಗಳು ಉಬ್ಬಬಹುದು, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ಯೂನಿಟ್ಟಿನಲ್ಲಿ ತುಕ್ಕು ಬೇಗ ಏರಬಹುದು. ದಶಕಗಳಿಂದ ನಿಂತಿದ್ದ ವ್ಯಾಪ್ತಿಯನ್ನು ಹೊರಗಿನಿಂದ ಬಂದ ಬದಲಾವಣೆಯೊಂದು ಅಲುಗಿಸಬಲ್ಲದು. ವರ್ಷಕ್ಕೊಮ್ಮೆ ಯೂನಿಟ್ ಬಿಚ್ಚಿ ನೋಡುವುದು ಇಂತಹ ಗಾಡಿಗೆ ಅತಿಯೇನಲ್ಲ.

ವಿದ್ಯುತ್ ವಾಹನದಲ್ಲಿ ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತದೆ. 2001ರಲ್ಲಿ ರಸ್ತೆಗಿಳಿದ ಬೆಂಗಳೂರಿನದೇ ರೇವಾ ವಿದ್ಯುತ್ ಕಾರು ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದಲ್ಲಿ ತಯಾರಾಯಿತು. ಇಂದು ಬೆಂಗಳೂರಿನ ರಸ್ತೆಗಳ ತುಂಬ ಬ್ಯಾಟರಿ ಸ್ಕೂಟರುಗಳಿವೆ. ಬ್ಯಾಟರಿಯೊಳಗೆ ಫ್ಲೋಟ್ ತೇಲುವ ಯಾವ ಮಟ್ಟವೂ ಇಲ್ಲ. ಪರದೆಯ ಮೇಲಿನ ಶೇಕಡಾ ಅಂಕಿ ವೋಲ್ಟೇಜು, ಒಳಹೋದ ಮತ್ತು ಹೊರಬಂದ ವಿದ್ಯುತ್ತಿನ ಎಣಿಕೆ, ಉಷ್ಣತೆ, ಬ್ಯಾಟರಿಯ ವಯಸ್ಸು ಇವನ್ನೆಲ್ಲ ಸೇರಿಸಿ ಮಾಡಿದ ಲೆಕ್ಕ. ಎಣಿಕೆಯಲ್ಲಿ ಪ್ರತಿ ಸಲ ನುಸುಳುವ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಹೆಚ್ಚೇನೂ ಬದಲಾಗದ ಕಾರಣ ಅದನ್ನು ನೋಡಿ ತಿದ್ದಿಕೊಳ್ಳುವುದೂ ಕಷ್ಟ. ಪೂರ್ತಿ ಚಾರ್ಜ್ ಆದಾಗ ಮಾತ್ರ ಯಂತ್ರಕ್ಕೆ ತಾನು ಎಲ್ಲಿದ್ದೇನೆಂಬ ಖಚಿತ ಗುರುತು ಸಿಗುತ್ತದೆ, ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಅಂತಹ ಬ್ಯಾಟರಿಯ ವಾಹನಗಳನ್ನು ಆಗಾಗ ನೂರಕ್ಕೆ ನೂರು ಚಾರ್ಜ್ ಮಾಡುವಂತೆ ತಯಾರಕರು ಹೇಳುವುದಕ್ಕೆ ಇದೂ ಒಂದು ಕಾರಣ.